ಫಾರ್ಮ್ ತುಂಬಿದವರಿದ್ದರು, ಇನ್‌ಬಾಕ್ಸ್ ಖಾಲಿಯಿತ್ತು: ಡೊಮೇನ್ ಬದಲಿಸಿದ ಒಂದು ಮನೆ ವ್ಯವಹಾರದ ಪ್ರಕರಣ

ಮನೆಯ ಒಂದು ಕೋಣೆಯಿಂದ ಒಬ್ಬರೇ ನಡೆಸುವ ಆನ್‌ಲೈನ್ ಮಾರ್ಕೆಟಿಂಗ್ ವ್ಯವಹಾರ. ಸಣ್ಣ ಮಾರಾಟಗಾರರ ಜಾಹೀರಾತು ನೋಡಿಕೊಳ್ಳುವುದು, ಅವರ ಸುದ್ದಿಪತ್ರ ಬರೆದು ಕಳಿಸುವುದು, ವೆಬ್‌ಸೈಟಿನ ಬರಹ ತಿದ್ದಿಕೊಡುವುದು ಇಲ್ಲಿನ ಕೆಲಸ. ಸ್ವಂತ ಜಾಹೀರಾತಿಗೆ ಅಲ್ಲಿಯವರೆಗೆ ಹಣ ಹಾಕಿದ್ದೇ ಇರಲಿಲ್ಲ. ಗಿರಾಕಿಗಳನ್ನು ತಂದುಕೊಡುತ್ತಿದ್ದದ್ದು ಬ್ಲಾಗ್. ಆರು ವರ್ಷದಲ್ಲಿ 140 ಲೇಖನಗಳಾಗಿದ್ದವು. ಗೂಗಲ್‌ನಲ್ಲಿ ಏನೋ ಹುಡುಕುತ್ತಾ ಲೇಖನಕ್ಕೆ ಬಂದವರು ‘ಸೇವೆಗಳು’ ಪುಟ ನೋಡಿ, ಸಂಪರ್ಕ ಫಾರ್ಮ್ ತುಂಬುತ್ತಿದ್ದರು. ತಿಂಗಳಿಗೆ ಹತ್ತರ ಆಸುಪಾಸು ಎನ್‌ಕ್ವೈರಿ, ಅದರಲ್ಲಿ ಎರಡು ಕೆಲಸವಾಗಿ ಕುದುರುತ್ತಿದ್ದವು.

ಈ ವ್ಯವಹಾರ ಒಂದು ಮಾದರಿ. ಇದರ ಅಂಕಿಗಳನ್ನು ಲೆಕ್ಕ ಕಣ್ಣಿಗೆ ಕಟ್ಟಲೆಂದು ಇಟ್ಟಿದ್ದೇವೆ. ತಪ್ಪುಗಳು ಮಾತ್ರ ಇಂಥ ವ್ಯವಹಾರಗಳಲ್ಲಿ ಮತ್ತೆ ಮತ್ತೆ ಆಗುವಂಥವು, ಪರಿಹಾರಗಳು ಇದ್ದದ್ದು ಇದ್ದಂತೆಯೇ.

ವ್ಯವಹಾರದ ಹೆಸರು ಬದಲಿಸುವ ತೀರ್ಮಾನವಾಯಿತು. ಶನಿವಾರ, ಭಾನುವಾರ ಎರಡೇ ದಿನದಲ್ಲಿ ನಾಲ್ಕು ಕೆಲಸ ಒಟ್ಟಿಗೆ ಮುಗಿದವು: ಹೊಸ ಡೊಮೇನ್‌ಗೆ (ಸೈಟಿನ ವೆಬ್ ವಿಳಾಸಕ್ಕೆ) ಸ್ಥಳಾಂತರ, ಹೊಸ ಥೀಮ್ (ಸೈಟಿನ ವಿನ್ಯಾಸ), ಲೇಖನಗಳ ವಿಳಾಸದಲ್ಲಿದ್ದ ವರ್ಷ ಮತ್ತು ತಿಂಗಳು ತೆಗೆದದ್ದು, ಹಳತಾದವು ಎಂದು 40 ಲೇಖನ ಅಳಿಸಿದ್ದು. ಸೋಮವಾರ ಬೆಳಿಗ್ಗೆ ಸೈಟ್ ಚೆನ್ನಾಗಿಯೇ ತೆರೆಯುತ್ತಿತ್ತು. ಮೂರು ವಾರ ಕಳೆದ ಮೇಲೆ ಎನ್‌ಕ್ವೈರಿ ಒಂದೂ ಬಂದಿಲ್ಲ ಎಂಬುದು ಗಮನಕ್ಕೆ ಬಂತು. ಡೊಮೇನ್ ಬದಲಿಸಿದರೆ ಗೂಗಲ್‌ಗೆ ಒಗ್ಗಿಕೊಳ್ಳಲು ಸಮಯ ಬೇಕು ಎಂಬ ಮಾತು ಎಲ್ಲ ಕಡೆ ಇದೆ; ಅದನ್ನೇ ನಂಬಿ ಇನ್ನೊಂದು ವಾರ ಕಾಯಲಾಯಿತು. ಇಪ್ಪತ್ತೆಂಟನೇ ದಿನ ಜಾಹೀರಾತು ಶುರು. ಕಾರಣ ಸಿಕ್ಕಿದ್ದು ನಲವತ್ತೆರಡನೇ ದಿನ.

ಎದುರಿಗೇ ಇದ್ದ ಸುಳಿವು

ಜಾಹೀರಾತಿನ ಖಾತೆಯಲ್ಲಿ ಎರಡು ವಾರಕ್ಕೆ 7 ಫಾರ್ಮ್ ಸಲ್ಲಿಕೆ ದಾಖಲಾಗಿತ್ತು. ಇನ್‌ಬಾಕ್ಸಿನಲ್ಲಿ ಸೊನ್ನೆ. ಈ ಎರಡು ಸಂಖ್ಯೆಗಳನ್ನು ಯಾರೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ, ಏಕೆಂದರೆ ಒಂದು ಇದ್ದದ್ದು ಜಾಹೀರಾತಿನ ಡ್ಯಾಶ್‌ಬೋರ್ಡಿನಲ್ಲಿ, ಇನ್ನೊಂದು ಮೇಲ್‌ನಲ್ಲಿ.

ಜಾಹೀರಾತಿನ ಟ್ಯಾಗ್, ಅಂದರೆ ಲೆಕ್ಕ ಇಡಲು ಪುಟದಲ್ಲಿ ಸೇರಿಸುವ ಕೋಡಿನ ತುಣುಕು, ಬ್ರೌಸರಿನಲ್ಲಿ ಕೆಲಸ ಮಾಡುತ್ತದೆ. ಫಾರ್ಮ್ ಸಲ್ಲಿಕೆಯಾಗಿ ‘ಧನ್ಯವಾದ’ ಎಂಬ ಸಂದೇಶ ಮೂಡಿದರೆ ಅದರ ಪಾಲಿಗೆ ಲೆಕ್ಕ ಮುಗಿಯಿತು. ಆಮೇಲೆ ಸರ್ವರ್ ಮೇಲ್ ಕಳಿಸಿತೇ, ಅದು ತಲುಪಿತೇ ಎಂಬುದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಹಾಗಾಗಿ ಜಾಹೀರಾತು ‘ಯಶಸ್ವಿ’ಯಾಗಿ ಓಡುತ್ತಿತ್ತು, ಫಾರ್ಮ್ ತುಂಬಿದವರು ಉತ್ತರಕ್ಕೆ ಕಾದು ಬೇರೆಯವರನ್ನು ಹುಡುಕಿಕೊಳ್ಳುತ್ತಿದ್ದರು.

ನಮ್ಮ ಅನಿಸಿಕೆಯಲ್ಲಿ ಈ ಪ್ರಕರಣದ ಜೀವಾಳ ಇರುವುದೇ ಇಲ್ಲಿ. ಎನ್‌ಕ್ವೈರಿ ನಿಂತಿತೆಂದರೆ ಗೂಗಲ್ ಕಡೆಯಿಂದ ಹುಡುಕಲು ಹೊರಡಬಾರದು. ಇನ್‌ಬಾಕ್ಸಿನಿಂದ ಶುರುಮಾಡಿ ಹಿಂದಕ್ಕೆ ನಡೆಯಬೇಕು: ಮೇಲ್, ಫಾರ್ಮ್, ಪುಟ, ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ತಾನಾಗಿಯೇ ಕಳಿಸುವುದು), ಕೊನೆಗೆ ಹುಡುಕಾಟ. ಇನ್‌ಬಾಕ್ಸ್ ಹತ್ತಿರದ ದೋಷ ಹತ್ತು ನಿಮಿಷದಲ್ಲಿ ಪರೀಕ್ಷೆಯಾಗುತ್ತದೆ, ಅದೇ ದಿನ ಸರಿಹೋಗುತ್ತದೆ. ಗೂಗಲ್ ಹತ್ತಿರದ ದೋಷ ಸರಿಹೋಗಲು ವಾರಗಳು ಬೇಕು. ಹತ್ತಿರದ್ದನ್ನು ಬಿಟ್ಟು ದೂರದ್ದನ್ನು ಮೊದಲು ಸರಿಪಡಿಸಿದರೆ, ಕಷ್ಟಪಟ್ಟು ಮರಳಿ ತಂದ ಓದುಗರೂ ಅದೇ ಮುರಿದ ಫಾರ್ಮಿಗೇ ಬಂದು ಬೀಳುತ್ತಾರೆ.

ಫಾರ್ಮ್‌ನಿಂದ ಇನ್‌ಬಾಕ್ಸ್‌ವರೆಗೆ

ಪರೀಕ್ಷೆ ಸರಳ. ಕಂಪ್ಯೂಟರ್ ಬಿಟ್ಟು ಫೋನ್ ಹಿಡಿದು, ವೈಫೈ ಆಫ್ ಮಾಡಿ, ಸೈಟಿಗೆ ಲಾಗಿನ್ ಆಗದೆ, ಎರಡು ಬೇರೆ ಬೇರೆ ಕಂಪನಿಗಳ ಇಮೇಲ್ ವಿಳಾಸದಿಂದ ಫಾರ್ಮ್ ತುಂಬಬೇಕು. ಇಲ್ಲಿ ಜಿಮೇಲ್ ವಿಳಾಸ ಹಾಕಿ ತುಂಬಿದ್ದು ಸ್ಪ್ಯಾಮ್‌ಗೆ ಹೋಯಿತು, ಯಾಹೂ ವಿಳಾಸ ಹಾಕಿ ತುಂಬಿದ್ದು ಎಲ್ಲೂ ಸಿಗಲೇ ಇಲ್ಲ.

ಹಳೆಯ ಸೈಟಿನಲ್ಲಿ ಎಸ್‌ಎಂಟಿಪಿ ಪ್ಲಗಿನ್ (ಮೇಲ್ ಕಳಿಸಲು ಸೈಟಿಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಇತ್ತು; ಅದು ಮೇಲ್‌ಬಾಕ್ಸಿನ ಪಾಸ್‌ವರ್ಡ್ ಬಳಸಿ ಅಧಿಕೃತವಾಗಿ ಮೇಲ್ ಕಳಿಸುತ್ತಿತ್ತು. ಹೊಸ ಸೈಟನ್ನು ಮೊದಲು ಪರೀಕ್ಷಾ ಪ್ರತಿಯಾಗಿ ಕಟ್ಟುವಾಗ, ತಪ್ಪಿ ಯಾವ ಗಿರಾಕಿಗೂ ಮೇಲ್ ಹೋಗದಿರಲಿ ಎಂದು ಆ ಪ್ಲಗಿನ್ ಆಫ್ ಮಾಡಲಾಗಿತ್ತು. ಎಚ್ಚರಿಕೆ ಸರಿಯಾದದ್ದೇ. ಸೈಟ್ ಬಯಲಿಗೆ ಬಂದಾಗ ಅದನ್ನು ಮತ್ತೆ ಹಚ್ಚಲಿಲ್ಲ. ಹೀಗಾದಾಗ ಸೈಟ್ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್ ಸುಮ್ಮನಿರುವುದಿಲ್ಲ, ಹೋಸ್ಟಿಂಗ್ ಸರ್ವರಿನ ಪಿಎಚ್‌ಪಿ ಮೇಲ್ ಸೌಲಭ್ಯದಿಂದ ಕಳಿಸುತ್ತದೆ. ಎಲ್ಲೂ ದೋಷದ ಸಂದೇಶ ಕಾಣುವುದಿಲ್ಲ.

ಎರಡನೇ ದೋಷ ಹೊಸ ಥೀಮಿನ ಜೊತೆ ಬಂದ ಫಾರ್ಮಿನಲ್ಲಿತ್ತು. ‘ಫ್ರಮ್’ ಜಾಗದಲ್ಲಿ ಫಾರ್ಮ್ ತುಂಬಿದವರ ಇಮೇಲ್ ವಿಳಾಸವನ್ನೇ ಹಾಕುವಂತೆ ಅದನ್ನು ಹೊಂದಿಸಲಾಗಿತ್ತು. ನೋಡಲು ಅನುಕೂಲ, ಮೇಲ್ ತೆರೆದು ರಿಪ್ಲೈ ಒತ್ತಿದರೆ ಅವರಿಗೇ ಹೋಗುತ್ತದೆ. ಆದರೆ ಮೇಲ್ ವ್ಯವಸ್ಥೆಯ ಕಣ್ಣಿಗೆ ಇದು ಬೇರೆಯವರ ಸಹಿ ಹಾಕಿದ ಕಾಗದ. ಯಾಹೂ 2014ರಿಂದಲೇ ತನ್ನ ಡೊಮೇನಿಗೆ ಡಿಮಾರ್ಕ್‌ನ ‘ರಿಜೆಕ್ಟ್’ ನೀತಿ ಹಾಕಿಕೊಂಡಿದೆ. ತನ್ನ ಹೆಸರಿನಲ್ಲಿ ಬರುವ ನಕಲಿ ಮೇಲನ್ನು ಏನು ಮಾಡಬೇಕೆಂದು ಡೊಮೇನ್ ಹೇಳುವ ವ್ಯವಸ್ಥೆ ಡಿಮಾರ್ಕ್. ಯಾಹೂ ಹೆಸರಿನಲ್ಲಿ ಬೇರೆ ಸರ್ವರಿನಿಂದ ಬಂದ ಮೇಲನ್ನು ಬಾಗಿಲಲ್ಲೇ ವಾಪಸ್ ಕಳಿಸಿ ಎಂದು ಅದರ ಅರ್ಥ. ಅಷ್ಟು ಬಿಗಿ ನೀತಿ ಇಲ್ಲದ ಡೊಮೇನುಗಳ ಹೆಸರಿನಲ್ಲಿ ಬಂದ ಮೇಲ್ ಸ್ಪ್ಯಾಮ್‌ಗೆ ಬಿತ್ತು. ‘ಕೆಲವು ಬರುತ್ತವೆ, ಕೆಲವು ಬರುವುದಿಲ್ಲ’ ಎಂದು ಯಾರಾದರೂ ಫಾರ್ಮಿನ ಬಗ್ಗೆ ದೂರಿದರೆ ಮೊದಲು ನೋಡಬೇಕಾದ್ದು ಈ ಫ್ರಮ್ ಜಾಗವನ್ನೇ.

ಸರಿಪಡಿಸಿದ್ದು ಹೀಗೆ. ಫ್ರಮ್‌ನಲ್ಲಿ ಸ್ವಂತ ಡೊಮೇನಿನ ಒಂದು ಸ್ಥಿರ ವಿಳಾಸ. ‘ರಿಪ್ಲೈ-ಟು’ ಜಾಗದಲ್ಲಿ ಬಂದವರ ವಿಳಾಸ. ಉತ್ತರ ಕೊಡುವ ಅನುಕೂಲ ಹಾಗೇ ಉಳಿಯುತ್ತದೆ. ಎಸ್‌ಎಂಟಿಪಿ ಪ್ಲಗಿನ್ ಮತ್ತೆ ಚಾಲೂ. ಇದೆಲ್ಲಕ್ಕಿಂತ ಮುಖ್ಯವಾಗಿ, ಬಂದ ಪ್ರತಿ ಸಲ್ಲಿಕೆಯೂ ಸೈಟಿನ ಡೇಟಾಬೇಸಿನಲ್ಲೂ ಉಳಿಯುವ ವ್ಯವಸ್ಥೆ. ಎಲ್ಲ ಫಾರ್ಮ್ ಪ್ಲಗಿನ್‌ಗಳೂ ತಾವಾಗಿಯೇ ಇದನ್ನು ಮಾಡುವುದಿಲ್ಲ. ಬಹಳ ಜನ ಬಳಸುವ ಕಾಂಟ್ಯಾಕ್ಟ್ ಫಾರ್ಮ್ 7 ಸಂದೇಶಗಳನ್ನು ಉಳಿಸಿಡುವುದಿಲ್ಲ, ಅದಕ್ಕೆ ಫ್ಲಮಿಂಗೋ ಎಂಬ ಜೊತೆ ಪ್ಲಗಿನ್ ಹಾಕಬೇಕು. ಡೇಟಾಬೇಸಿನಲ್ಲಿ ಪ್ರತಿ ಇದ್ದಿದ್ದರೆ ಈ ಪ್ರಕರಣದಲ್ಲಿ ಒಂದು ಹೆಸರೂ ಕಳೆದುಹೋಗುತ್ತಿರಲಿಲ್ಲ.

ಫಾರ್ಮ್ ತುಂಬಿದವರಿಗೆ ತಾನಾಗಿಯೇ ಹೋಗುವ ‘ನಿಮ್ಮ ಸಂದೇಶ ತಲುಪಿತು’ ಮೇಲ್ ಇಡಬೇಕೇ ಎಂಬ ಪ್ರಶ್ನೆ ಬರುತ್ತದೆ. ಬೇಡ ಎನ್ನುತ್ತೇವೆ. ಬಾಟ್‌ಗಳು (ತಾವಾಗಿಯೇ ಫಾರ್ಮ್ ತುಂಬುವ ಪ್ರೋಗ್ರಾಂಗಳು) ಅಪರಿಚಿತರ ವಿಳಾಸ ತುಂಬಿ ನಿಮ್ಮ ಡೊಮೇನಿನಿಂದ ಅವರಿಗೆ ಮೇಲ್ ಹೋಗುವಂತೆ ಮಾಡುತ್ತವೆ, ಆ ಕೆಟ್ಟ ಹೆಸರು ನಿಮ್ಮ ಡೊಮೇನಿಗೆ ಅಂಟುತ್ತದೆ.

ಹೊಸ ಡೊಮೇನಿಗೆ ಗುರುತಿನ ಚೀಟಿ

ಫಾರ್ಮ್ ಸರಿಹೋದರೂ ಮೇಲ್ ಇನ್ನೂ ಸ್ಪ್ಯಾಮಿಗೇ ಬೀಳುತ್ತಿತ್ತು. ಜಿಮೇಲಿನಲ್ಲಿ ಆ ಮೇಲ್ ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿ ‘ಶೋ ಒರಿಜಿನಲ್’ ಒತ್ತಿದರೆ ಮೇಲುಗಡೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಪರೀಕ್ಷೆಗಳ ಫಲಿತಾಂಶ ಕಾಣುತ್ತದೆ; ಮೇಲ್ ನಿಜವಾಗಿಯೂ ಆ ಡೊಮೇನಿನದೇ ಎಂದು ನೋಡುವುದು ಇವುಗಳ ಕೆಲಸ. ಇಲ್ಲಿ ಎಸ್‌ಪಿಎಫ್ ಮುಂದೆ ‘ಪರ್ಮ್‌ಎರರ್’ (ದಾಖಲೆಯೇ ತಪ್ಪಾಗಿದೆ) ಎಂದಿತ್ತು, ಉಳಿದೆರಡು ಸಾಲೇ ಇರಲಿಲ್ಲ. ಹಳೆಯ ಡೊಮೇನಿಗೆ ವರ್ಷಗಳ ಹಿಂದೆ ಇದೆಲ್ಲ ಮಾಡಿ ಮರೆತದ್ದರಿಂದ, ಹೊಸದಕ್ಕೂ ಮಾಡಬೇಕೆಂಬುದು ಹೊಳೆದಿರಲಿಲ್ಲ.

ಪರ್ಮ್‌ಎರರ್‌ಗೆ ಕಾರಣ ಎರಡು ಎಸ್‌ಪಿಎಫ್ ದಾಖಲೆಗಳು. ಈ ಡೊಮೇನಿನ ಹೆಸರಿನಲ್ಲಿ ಯಾವ ಸರ್ವರುಗಳು ಮೇಲ್ ಕಳಿಸಬಹುದು ಎಂಬ ಪಟ್ಟಿಯೇ ಎಸ್‌ಪಿಎಫ್; ಅದು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನಿನ ಸಾರ್ವಜನಿಕ ದಾಖಲೆಗಳಲ್ಲಿ, ಇರುತ್ತದೆ. ಹೋಸ್ಟಿಂಗ್ ಪ್ಯಾನೆಲ್ ತಾನೇ ಒಂದು ಹಾಕಿತ್ತು; ಮೇಲ್ ಸೇವೆಯವರ ಸೂಚನೆ ಓದಿ ಇನ್ನೊಂದನ್ನು ಕೈಯಾರೆ ಸೇರಿಸಲಾಗಿತ್ತು. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ಇರಬೇಕು. ಎರಡಿದ್ದರೆ ಎರಡೂ ಅಸಿಂಧು. ಎರಡರಲ್ಲಿದ್ದ ‘ಇನ್‌ಕ್ಲೂಡ್’ ಭಾಗಗಳನ್ನು ಒಂದೇ ಸಾಲಿಗೆ ತಂದು ಇನ್ನೊಂದನ್ನು ಅಳಿಸಬೇಕು. ಹಾಗೆ ಸೇರಿಸುತ್ತಾ ಹೋಗುವಾಗ ಇನ್ನೊಂದು ಮಿತಿ ನೆನಪಿರಲಿ: ಪರಿಶೀಲಿಸುವಾಗ ಆಗುವ ಡಿಎನ್‌ಎಸ್ ಹುಡುಕಾಟಗಳು ಒಟ್ಟು 10 ದಾಟಬಾರದು. ಮೇಲ್ ಸೇವೆ, ಸುದ್ದಿಪತ್ರದ ಸೇವೆ, ಬಿಲ್ ಕಳಿಸುವ ಸೇವೆ ಎಂದು ನಾಲ್ಕೈದು ಇನ್‌ಕ್ಲೂಡ್ ಆಗುವಷ್ಟರಲ್ಲಿ, ಅವುಗಳ ಒಳಗಿರುವ ಇನ್‌ಕ್ಲೂಡ್‌ಗಳೂ ಲೆಕ್ಕಕ್ಕೆ ಬಂದು ಹತ್ತು ತುಂಬಿಬಿಡುತ್ತದೆ. ಬಳಸದ ಸೇವೆಯ ಹೆಸರನ್ನು ಕಿತ್ತುಹಾಕಿ.

ಡಿಕಿಮ್ ಎಂದರೆ ಪ್ರತಿ ಮೇಲ್‌ಗೂ ಬೀಳುವ ಡಿಜಿಟಲ್ ಸಹಿ. ಕೀಲಿಯನ್ನು ಮೇಲ್ ಸೇವೆಯೇ ಕೊಡುತ್ತದೆ, ಡಿಎನ್‌ಎಸ್‌ನಲ್ಲಿ ಹಾಕುವುದು ನಮ್ಮ ಕೆಲಸ. ಇಲ್ಲಿ ಎಡವುವ ಕಡೆ ಒಂದಿದೆ. 2048 ಬಿಟ್ ಕೀಲಿ ಉದ್ದವಾದದ್ದು, ಟೆಕ್ಸ್ಟ್ ದಾಖಲೆಯ ಒಂದು ತುಂಡಿನಲ್ಲಿ 255 ಅಕ್ಷರ ಮಾತ್ರ ಹಿಡಿಯುತ್ತದೆ. ಕೆಲವು ಪ್ಯಾನೆಲ್‌ಗಳು ತಾವೇ ತುಂಡು ಮಾಡಿಕೊಳ್ಳುತ್ತವೆ; ಕೆಲವು ಉಳಿದದ್ದನ್ನು ಸದ್ದಿಲ್ಲದೆ ಕತ್ತರಿಸಿ ಎಸೆಯುತ್ತವೆ. ಉಳಿಸಿದ ಮೇಲೆ ದಾಖಲೆ ಮತ್ತೆ ತೆರೆದು, ಕೀಲಿಯ ಕೊನೆಯ ಹತ್ತು ಅಕ್ಷರ ಮೂಲದೊಂದಿಗೆ ಕೂಡುತ್ತದೆಯೇ ನೋಡಿ. ಕೂಡದಿದ್ದರೆ ಕೀಲಿಯನ್ನು ಎರಡು ಉದ್ಧರಣ ಚಿಹ್ನೆಗಳ ಜೋಡಿಯೊಳಗೆ ಎರಡು ತುಂಡಾಗಿ ಹಾಕಬೇಕು.

ಡಿಮಾರ್ಕ್ ಕೊನೆಗೆ. ಎಸ್‌ಪಿಎಫ್ ನೋಡುವುದು ಲಕೋಟೆಯ ಮೇಲಿನ ವಿಳಾಸ, ಓದುವವರ ಕಣ್ಣಿಗೆ ಕಾಣುವುದು ಒಳಗಿನ ಕಾಗದದ ಮೇಲಿನ ಹೆಸರು. ಕಾಗದದ ಮೇಲಿನ ಹೆಸರು ಎಸ್‌ಪಿಎಫ್ ಅಥವಾ ಡಿಕಿಮ್ ದೃಢಪಡಿಸಿದ ಡೊಮೇನಿಗೇ ಸೇರಿದೆಯೇ ಎಂದು ಡಿಮಾರ್ಕ್ ಕೇಳುತ್ತದೆ. ಎಸ್‌ಪಿಎಫ್ ‘ಪಾಸ್’ ಎಂದಿದ್ದರೂ ಡಿಮಾರ್ಕ್ ಫೇಲ್ ಆಗುವುದು ಇದರಿಂದಲೇ. ಮೊದಲಿಗೆ ನೀತಿ ‘ನನ್’ (ಏನೂ ಮಾಡಬೇಡಿ) ಎಂದಿಟ್ಟು, ವರದಿಗಳು ಒಂದು ವಿಳಾಸಕ್ಕೆ ಬರುವಂತೆ ಮಾಡಿ, ಕೆಲವು ವಾರ ನೋಡಿ, ನಮ್ಮದೇ ಯಾವ ಸೇವೆಯೂ ಫೇಲ್ ಆಗುತ್ತಿಲ್ಲ ಎಂದು ಖಾತ್ರಿಯಾದ ಮೇಲಷ್ಟೇ ‘ಕ್ವಾರಂಟೀನ್’ಗೆ (ಸ್ಪ್ಯಾಮ್‌ಗೆ ಹಾಕಿ) ಏರಿಸುವುದು ಸುರಕ್ಷಿತ. ಮೊದಲ ದಿನವೇ ರಿಜೆಕ್ಟ್ ಹಾಕಿದರೆ ಮರೆತುಹೋದ ಯಾವುದೋ ಸೇವೆಯ ಮೇಲ್ ನಿಂತುಹೋಗುತ್ತದೆ.

ಸುದ್ದಿಪತ್ರ ಕಳಿಸುವ ವ್ಯವಹಾರಕ್ಕೆ ಇದು ಇನ್ನೂ ಹತ್ತಿರದ ವಿಷಯ. 2024ರ ಫೆಬ್ರವರಿಯಿಂದ ಜಿಮೇಲ್ ತನಗೆ ಮೇಲ್ ಕಳಿಸುವ ಎಲ್ಲರಿಂದ ಎಸ್‌ಪಿಎಫ್ ಅಥವಾ ಡಿಕಿಮ್ ಕೇಳುತ್ತದೆ. ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಬೇಕು, ಸುದ್ದಿಪತ್ರದಂಥ ಮೇಲ್‌ಗಳಲ್ಲಿ ಒಂದೇ ಕ್ಲಿಕ್ಕಿನಲ್ಲಿ ಚಂದಾ ಬಿಡುವ ಸೌಲಭ್ಯವೂ ಇರಬೇಕು. ಸ್ಪ್ಯಾಮ್ ದೂರಿನ ಪ್ರಮಾಣ 0.3% ಮುಟ್ಟಬಾರದು, 0.1%ಕ್ಕಿಂತ ಕೆಳಗಿದ್ದರೆ ಕ್ಷೇಮ.

ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಉಳಿದವರು

ಜಿಮೇಲ್ ಸ್ಪ್ಯಾಮ್‌ಗೆ ಬಿದ್ದದ್ದನ್ನು 30 ದಿನದ ಮೇಲೆ ತಾನೇ ಅಳಿಸುತ್ತದೆ. ಕಾರಣ ಸಿಕ್ಕಿದ್ದು 42ನೇ ದಿನ. ಮೊದಲ 12 ದಿನಗಳ ಎನ್‌ಕ್ವೈರಿಗಳು ಹೋದವು, ಮರಳಿ ತರುವ ದಾರಿಯಿಲ್ಲ. ಎರಡು ವಾರ ಕಾದು ನೋಡೋಣ ಎನ್ನುವ ಅಭ್ಯಾಸ ಹುಡುಕಾಟದ ವಿಷಯದಲ್ಲಿ ಸರಿ. ಮೇಲ್ ವಿಷಯದಲ್ಲಿ ಗಡಿಯಾರ ಓಡುತ್ತಲೇ ಇರುತ್ತದೆ.

ಉಳಿದ 30 ದಿನದಲ್ಲಿ 11 ಸಂದೇಶಗಳು ಸಿಕ್ಕವು. ಮೂರು ಬಾಟ್‌ಗಳವು, ಎಂಟು ನಿಜವಾದವು. ಆ ಎಂಟರಲ್ಲಿ ಐದು ಜಾಹೀರಾತಿನಿಂದ ಬಂದವರದು; ಜಾಹೀರಾತಿನ ಖಾತೆ ತೋರಿಸಿದ ಏಳರಲ್ಲಿ ಉಳಿದ ಇಬ್ಬರ ಮೇಲ್ ಬಾಗಿಲಲ್ಲೇ ತಿರಸ್ಕೃತವಾಗಿತ್ತು. ಅಂಥವರ ವಿಳಾಸ ಹೋಸ್ಟಿಂಗ್‌ನ ಮೇಲ್ ಲಾಗ್‌ನಲ್ಲಿ ಇರಬಹುದು. ಹೋಸ್ಟಿಂಗ್‌ನವರನ್ನು ಕೂಡಲೇ ಕೇಳಬೇಕು, ಲಾಗ್‌ಗಳನ್ನು ಹೆಚ್ಚು ದಿನ ಇಟ್ಟುಕೊಳ್ಳುವುದಿಲ್ಲ.

ತಡವಾಗಿ ಕೊಡುವ ಉತ್ತರದಲ್ಲಿ ಕ್ಷಮೆ ಒಂದು ಸಾಲು, ಕಾರಣ ಒಂದು ಸಾಲು, ಉಳಿದದ್ದು ಅವರ ಕೆಲಸದ ಬಗ್ಗೆ ಇರಲಿ. ಒಬ್ಬರಿಗೆ ಹೋದದ್ದು ಹೀಗಿತ್ತು:

‘ನಮಸ್ಕಾರ. ನೀವು 9ರಂದು ಕಳಿಸಿದ ಸಂದೇಶ ನಮ್ಮ ಸೈಟಿನ ದೋಷದಿಂದ ನಿನ್ನೆಯಷ್ಟೇ ಕೈಸೇರಿತು, ಕ್ಷಮಿಸಿ. ನಿಮ್ಮ ಸುದ್ದಿಪತ್ರ ತಿಂಗಳಿಗೆರಡು ಬಾರಿ ಹೋಗಬೇಕು ಎಂದಿದ್ದಿರಿ. ಈಗಾಗಲೇ ಬೇರೆಯವರಿಗೆ ಒಪ್ಪಿಸಿದ್ದರೆ ಉತ್ತರಿಸುವ ತೊಂದರೆ ಬೇಡ. ಇನ್ನೂ ಹುಡುಕುತ್ತಿದ್ದರೆ, ಈಗಿನ ಒಂದು ಸಂಚಿಕೆ ಕಳಿಸಿ. ಎಲ್ಲಿ ಏನು ತಿದ್ದಬಹುದೆಂದು ನಾಡಿದ್ದರೊಳಗೆ ಬರೆದು ಕಳಿಸುತ್ತೇನೆ.’

ರಿಯಾಯಿತಿ ಕೊಡುವ ಆಸೆ ಆಗುತ್ತದೆ. ಕೊಡಬಾರದು. ಅವರಿಗೆ ಬೇಕಿರುವುದು ಕೆಲಸವಾಗುವ ಭರವಸೆ. ಮೊದಲ ಮಾತಲ್ಲೇ ಬೆಲೆ ಇಳಿಸಿದರೆ ಮುಂದಿನ ಎಲ್ಲ ಮಾತುಕತೆಯೂ ಇಳಿದ ಬೆಲೆಯಿಂದಲೇ ಶುರುವಾಗುತ್ತದೆ.

ಸೈಟ್ ಮತ್ತು ಹುಡುಕಾಟ

ಹಿಂದಕ್ಕೆ ನಡೆಯುತ್ತಾ ಸೈಟಿಗೆ ಬಂದಾಗ ಮೂರು ದೋಷ ಸಿಕ್ಕವು.

ಓದುಗರನ್ನು ಎಣಿಸುವ ಅನಲಿಟಿಕ್ಸ್ ಗ್ರಾಫ್ ಆ ಸೋಮವಾರದಿಂದ ನೇರ ಸೊನ್ನೆಗೆ ಬಿದ್ದಿತ್ತು, ಗಾಬರಿಗೆ ಅರ್ಧ ಕಾರಣ ಅದೇ. ಓದುಗರೆಲ್ಲ ಒಂದೇ ರಾತ್ರಿಯಲ್ಲಿ ಮಾಯವಾಗುವುದಿಲ್ಲ. ಗ್ರಾಫ್ ಗೋಡೆಯಂತೆ ಬಿದ್ದರೆ ಅಳೆಯುವ ಟ್ಯಾಗ್ ಬಿದ್ದಿದೆ ಎಂದು ತಿಳಿಯಬೇಕು. ಟ್ಯಾಗ್ ಹಳೆಯ ಥೀಮಿನ ಹೆಡರ್ ಫೈಲಿನೊಳಗಿತ್ತು, ಥೀಮ್ ಜೊತೆಗೇ ಹೋಯಿತು. ಸೈಟ್ ಹುಡುಕಾಟದಲ್ಲಿ ಹೇಗಿದೆ ಎಂದು ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್ ಇದಕ್ಕೆ ಒರೆಗಲ್ಲು, ಅದರ ಲೆಕ್ಕ ಗೂಗಲ್‌ನ ಕಡೆಯಿಂದ ಬರುವುದರಿಂದ ನಮ್ಮ ಟ್ಯಾಗ್ ಬೇಕಿಲ್ಲ.

ಸರ್ಚ್ ಕನ್ಸೋಲ್‌ನಲ್ಲಿ ಕ್ಲಿಕ್‌ಗಳು ಸೊನ್ನೆಯಾಗಿರಲಿಲ್ಲ, ಆದರೆ ವಾರದಿಂದ ವಾರಕ್ಕೆ ಇಳಿಯುತ್ತಿದ್ದವು. ಇದು ನಿಜವಾದ ಇಳಿತ. ಹೊಸ ಸೈಟಿನ ಒಂದು ಲೇಖನವನ್ನು ಯುಆರ್‌ಎಲ್ ಪರಿಶೀಲನೆಗೆ ಹಾಕಿದಾಗ ‘ನೋಇಂಡೆಕ್ಸ್’ (ಹುಡುಕಾಟದ ಪಟ್ಟಿಗೆ ಸೇರಿಸಬೇಡಿ ಎಂಬ ಸೂಚನೆ) ಕಾರಣಕ್ಕೆ ಹೊರಗಿಡಲಾಗಿದೆ ಎಂದು ಬಂತು. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಪುಟದ ಕೆಳಗಡೆ, ಸರ್ಚ್ ಎಂಜಿನ್‌ಗಳು ಸೈಟನ್ನು ಇಂಡೆಕ್ಸ್ ಮಾಡದಿರಲಿ ಎಂಬ ಒಂದು ಟಿಕ್ ಇದೆ. ಪರೀಕ್ಷಾ ಪ್ರತಿಗೆ ಅದನ್ನು ಹಾಕುವುದೇ ಸರಿ. ಡೇಟಾಬೇಸ್ ಸಮೇತ ಸೈಟನ್ನು ಬಯಲಿಗೆ ತಂದಾಗ ಟಿಕ್ ಕೂಡ ಜೊತೆಗೆ ಬಂದಿತ್ತು. ಟಿಕ್ ತೆಗೆದ ಮೇಲೆ ಕ್ಯಾಶ್ (ಪುಟಗಳ ಉಳಿಸಿಟ್ಟ ಹಳೆಯ ಪ್ರತಿಗಳು) ಖಾಲಿ ಮಾಡಿ, ಪುಟದ ಮೂಲ ಕೋಡಿನಲ್ಲಿ ಆ ಪದ ಇನ್ನೂ ಇದೆಯೇ ಎಂದು ಹುಡುಕಿ ನೋಡಬೇಕು.

ಮೂರನೆಯದು ರೀಡೈರೆಕ್ಟ್, ಹೆಚ್ಚು ದುಡಿಮೆ ಬೇಡಿದ್ದೂ ಅದೇ. ಹಳೆಯ ಡೊಮೇನಿನ ಪ್ಯಾನೆಲ್‌ನಲ್ಲಿ ‘ಡೊಮೇನ್ ಫಾರ್ವರ್ಡಿಂಗ್’ ಒತ್ತಿ ಕೆಲಸ ಮುಗಿಯಿತು ಎಂದುಕೊಳ್ಳಲಾಗಿತ್ತು. ಅದು ಹಳೆಯ 140 ವಿಳಾಸಗಳನ್ನೂ ಹೊಸ ಮುಖಪುಟಕ್ಕೇ ಕಳಿಸುತ್ತಿತ್ತು. ಲೇಖನ ಓದಲು ಬಂದವರಿಗೆ ಮುಖಪುಟ ತೋರಿದರೆ ಅವರು ಹಿಂದಕ್ಕೆ ಹೋಗುತ್ತಾರೆ. ಗೂಗಲ್ ಇಂಥದ್ದನ್ನು ‘ಸಾಫ್ಟ್ 404’ ಎಂದು ಪರಿಗಣಿಸುತ್ತದೆ, ಅಂದರೆ ಪುಟವೇ ಇಲ್ಲ ಎಂದು. ಹಳೆಯ ಲೇಖನ ಗಳಿಸಿದ್ದ ಕೊಂಡಿಗಳ ಬಲ ಹೊಸ ಲೇಖನಕ್ಕೆ ಸಿಗುವುದಿಲ್ಲ.

ಸರಿಪಡಿಸಲು ಎರಡು ಅಂಕಣದ ಒಂದು ಹಾಳೆ ಬೇಕು: ಎಡಕ್ಕೆ ಹಳೆಯ ವಿಳಾಸ, ಬಲಕ್ಕೆ ಹೊಸದು. ಹಳೆಯ ವಿಳಾಸಗಳ ಪಟ್ಟಿ ಸರ್ಚ್ ಕನ್ಸೋಲ್‌ನಲ್ಲಿ ಸಿಗುತ್ತದೆ, ಅಲ್ಲಿ 16 ತಿಂಗಳ ಲೆಕ್ಕ ಇರುತ್ತದೆ. ಉಳಿದುಕೊಂಡ 100 ಲೇಖನಗಳಲ್ಲಿ ಬದಲಾದದ್ದು ವರ್ಷ-ತಿಂಗಳು ಮಾತ್ರವಾದ್ದರಿಂದ ಅಷ್ಟಕ್ಕೂ ಒಂದೇ ಮಾದರಿ ನಿಯಮ ಸಾಕಾಯಿತು. ಅಳಿಸಿದ 40ರಲ್ಲಿ ಹಾಳೆ ನೋಡಿ ತಿಳಿದದ್ದು: 3 ಲೇಖನಗಳಿಗೆ ಓದುಗರು ದಿನವೂ ಬರುತ್ತಿದ್ದರು, ಅವನ್ನು ಬ್ಯಾಕಪ್‌ನಿಂದ ಮರಳಿ ತರಲಾಯಿತು. 12ಕ್ಕೆ ಅದೇ ವಿಷಯದ ಬೇರೆ ಲೇಖನ ಇತ್ತು, ಅಲ್ಲಿಗೆ ಕಳಿಸಲಾಯಿತು. ಉಳಿದ 25 ವಿಳಾಸಗಳು 410, ಅಂದರೆ ಈ ಪುಟ ಖಾಯಂ ಆಗಿ ಹೋಗಿದೆ, ಎಂದು ನೇರವಾಗಿ ಹೇಳುವಂತೆ ಮಾಡಲಾಯಿತು. ಬಿಡಿ ವಿಳಾಸಗಳ ನಿಯಮಗಳು ಮೇಲೆ, ಮಾದರಿ ನಿಯಮ ಕೆಳಗೆ ಬರಬೇಕು. ತಿರುಗಿಸಿದರೆ ಎಲ್ಲವನ್ನೂ ಮಾದರಿಯೇ ನುಂಗುತ್ತದೆ, ಬಿಡಿ ನಿಯಮಗಳ ಸರದಿ ಬರುವುದೇ ಇಲ್ಲ.

ರೀಡೈರೆಕ್ಟ್‌ಗಳೆಲ್ಲ 301 (ಶಾಶ್ವತ ಸ್ಥಳಾಂತರ) ಆಗಿರಲಿ, ಒಂದೇ ಜಿಗಿತದಲ್ಲಿ ತಲುಪಲಿ. ಪರೀಕ್ಷಿಸುವಾಗ ಹೊಸ ಪ್ರೈವೇಟ್ ವಿಂಡೋ ಬಳಸಿ. ಬ್ರೌಸರ್‌ಗಳು 301 ಅನ್ನು ನೆನಪಿಟ್ಟುಕೊಳ್ಳುವುದರಿಂದ ನಿಯಮ ತಿದ್ದಿದ ಮೇಲೂ ಹಳೆಯ ದಾರಿಯನ್ನೇ ತೋರಿಸುತ್ತವೆ. ಇದಾದ ನಂತರವೇ ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಬದಲಾವಣೆಯ ಸೂಚನೆ ಕೊಡುವುದು. ಅದಕ್ಕೆ ಎರಡೂ ಡೊಮೇನ್‌ಗಳ ಒಡೆತನ ಅಲ್ಲಿ ದೃಢಪಟ್ಟಿರಬೇಕು. ಆ ಸೂಚನೆ 180 ದಿನ ನಡೆಯುತ್ತದೆ.

ಫಾರ್ಮ್ ಅದೇ ಸಂಜೆ ಸರಿಹೋಯಿತು, ಡಿಎನ್‌ಎಸ್ ಮರುದಿನ. ಹುಡುಕಾಟ ನಿಧಾನ, ಪುಟಗಳು ಒಂದೊಂದಾಗಿ ಮರಳುತ್ತವೆ. ಜಾಹೀರಾತನ್ನು ಫಾರ್ಮ್ ಸರಿಹೋಗುವವರೆಗೆ ನಿಲ್ಲಿಸಿ ಆಮೇಲೆ ಮತ್ತೆ ಓಡಿಸಲಾಯಿತು. ಆ ತಿಂಗಳು ಕೆಲಸ ತಂದದ್ದು ಅದೇ. ನಾಲ್ಕು ಬದಲಾವಣೆಗಳನ್ನು ಬಿಡಿಸಿ ಮಾಡಿದ್ದರೆ, ಮೊದಲು ಡೊಮೇನ್ ಮತ್ತು ಮೇಲ್, ತಿಂಗಳ ನಂತರ ಥೀಮ್, ಅದಾದ ಮೇಲೆ ಉಳಿದದ್ದು ಎಂದು, ಯಾವುದರಿಂದ ಏನಾಯಿತೆಂದು ಹುಡುಕುವ ಕೆಲಸ ಇಷ್ಟು ಉದ್ದವಾಗುತ್ತಿರಲಿಲ್ಲ.

ಹಳೆಯ ಡೊಮೇನ್

ಹೊಸದು ಓಡುತ್ತಿದೆ ಎಂದು ಹಳೆಯ ಹೋಸ್ಟಿಂಗ್ ಮುಚ್ಚುವ ಮೊದಲು ಎಚ್‌ಟಿಟಿಪಿಎಸ್ ಪ್ರಮಾಣಪತ್ರದ (ಸೈಟಿನ ಸಂಪರ್ಕ ಸುರಕ್ಷಿತ ಎಂದು ಬ್ರೌಸರಿಗೆ ತೋರಿಸುವ ದಾಖಲೆ) ಬಗ್ಗೆ ಯೋಚಿಸಬೇಕು. ಹಳೆಯ ಕೊಂಡಿ ಒತ್ತಿದಾಗ ಬ್ರೌಸರ್ ಮೊದಲು ಹಳೆಯ ಡೊಮೇನಿನ ಪ್ರಮಾಣಪತ್ರ ನೋಡುತ್ತದೆ, ರೀಡೈರೆಕ್ಟ್ ಆಮೇಲೆ. ಅವಧಿ ಮುಗಿದಿದ್ದರೆ ಓದುಗರಿಗೆ ಕಾಣುವುದು ಎಚ್ಚರಿಕೆಯ ಪರದೆ. ಉಚಿತವಾಗಿ ಸಿಗುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಸಾಮಾನ್ಯವಾಗಿ 90 ದಿನದ್ದು. ನವೀಕರಣ ನಿಂತರೆ, ಎಲ್ಲವೂ ಸರಿಹೋಯಿತು ಎಂದುಕೊಂಡ ಹೊತ್ತಿಗೆ ಎರಡನೇ ಸಲ ಓದುಗರು ಬೀಳುತ್ತಾರೆ.

ರೀಡೈರೆಕ್ಟ್‌ಗಳನ್ನು ಕನಿಷ್ಠ ಒಂದು ವರ್ಷ ಇಡಿ ಎನ್ನುತ್ತದೆ ಗೂಗಲ್. ಡೊಮೇನನ್ನು ಮಾತ್ರ ವ್ಯವಹಾರ ಇರುವವರೆಗೂ ಕೈಬಿಡಬಾರದು. ಬಿಟ್ಟರೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು, ಕೊಂಡವರು ಆ ಡೊಮೇನಿನ ಯಾವ ಇಮೇಲ್ ವಿಳಾಸವನ್ನಾದರೂ ಮತ್ತೆ ಹುಟ್ಟಿಸಿಕೊಳ್ಳಬಹುದು. ಗಿರಾಕಿಗಳ ಜಾಹೀರಾತು ಖಾತೆ, ಸುದ್ದಿಪತ್ರದ ಸೇವೆ, ಬ್ಯಾಂಕ್, ಇವುಗಳಲ್ಲಿ ಯಾವುದಾದರೂ ಇನ್ನೂ ಹಳೆಯ ಇಮೇಲ್‌ನಿಂದಲೇ ಲಾಗಿನ್ ಆಗುತ್ತಿದ್ದರೆ ಪಾಸ್‌ವರ್ಡ್ ಬದಲಿಸುವ ಕೊಂಡಿ ಅವರ ಕೈಗೆ ಹೋಗುತ್ತದೆ. ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಹಳೆಯ ಡೊಮೇನಿನ ಹೆಸರು ಹಾಕಿ ಹುಡುಕಿದರೆ ಪಟ್ಟಿ ಸಿಗುತ್ತದೆ. ಇಲ್ಲಿ 19 ಖಾತೆಗಳು ಸಿಕ್ಕವು. ಅದರಲ್ಲೊಂದು ಡೊಮೇನ್ ನೋಂದಣಿಯ ಖಾತೆಯೇ: ಹಳೆಯ ಡೊಮೇನ್ ನವೀಕರಿಸಿ ಎಂಬ ನೆನಪೋಲೆ ಬರುತ್ತಿದ್ದದ್ದು ಅದೇ ಡೊಮೇನಿನ, ಈಗ ಯಾರೂ ತೆರೆಯದ ವಿಳಾಸಕ್ಕೆ. ಮೊದಲು ಬದಲಿಸಿದ್ದು ಅದನ್ನು.